ಉಡಿಯ ಸೀರೆಗೆ ಗೇಟು ಕೂಗಿದ್ದು

ಮುಂಬೈಯ ಮುಲುಂಡಿನ ಬಟ್ಟೆ ಅಂಗಡಿಯ ಬಾಗಿಲಲ್ಲಿ ದಾನಪ್ಪ ಆರು ವರ್ಷದಿಂದ ವಾಚ್‌ಮನ್. ಕೌಂಟರಿನಲ್ಲಿ ದುಡ್ಡು ಕೊಟ್ಟು ಟ್ಯಾಗು ತೆಗೆಸದ ಬಟ್ಟೆ ಗೇಟು ದಾಟಿದರೆ ಗೇಟು ಕೂಗುತ್ತದೆ, ಅವನು ಅಡ್ಡಗಟ್ಟುತ್ತಾನೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ, ಈ ಭಾನುವಾರದವರೆಗೆ.

ಭಾನುವಾರ ಗೇಟು ಕೂಗಿದ್ದು ಒಳಗೆ ಕಾಲಿಡುತ್ತಿದ್ದವರನ್ನು ಕಂಡು. ಕಾಲಿಟ್ಟವರು ಶೀಲಾವತಿ, ಅವನ ಮಗಳು ಸ್ನೇಹಲಳನ್ನು ಸೊಸೆ ಮಾಡಿಕೊಳ್ಳಲಿರುವ ಬೀಗಿತ್ತಿ. ಮುಂದಿನ ವಾರವೇ ನಿಶ್ಚಿತಾರ್ಥ.

"ಏನ್ರಿ ಬೀಗರ, ನನ್ನ ನೋಡಿ ಹಿಂಗ್ಯಾಕ ಒದರಾಕತ್ತೈತಿ?"

ಕೈ ಮುಗಿಯಬೇಕೋ ಕೈಚೀಲ ತಪಾಸಣೆ ಮಾಡಬೇಕೋ ದಾನಪ್ಪನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ದೇವಾನಂದ ಬಂದ. ಸೇಲ್ಸ್‌ನ ಹುಡುಗಿ ಶೀಲಾವತಿಯ ಸೆರಗಿನ ಅಂಚು ಮಗುಚಿ ನೋಡಿದರೆ ಒಳಗೆ ಬಿಳಿ ಪಟ್ಟಿಯೊಂದು ಅಂಟಿಕೊಂಡಿತ್ತು.

"ಯೇ ತೋ ಅಪ್ನಾ ಟ್ಯಾಗ್ ಹೈ!" ಎಂದ ದೇವಾನಂದ.

ದಾನಪ್ಪ ಸೀರೆಯನ್ನು ನೆಟ್ಟಗೆ ನೋಡಿದ್ದು ಆಗಲೇ. ಹೋದ ತಿಂಗಳು ಹೆಂಡತಿ ಮಹಾದೇವಿ ಬೀಗಿತ್ತಿಗೆ ಉಡಿ ತುಂಬಿ ಕೊಟ್ಟ ಹಸಿರು ಸೀರೆ! ತಾನು ಕೊಂಡದ್ದು ಇದೇ ಅಂಗಡಿಯಲ್ಲಿ. ಕೌಂಟರಿನವರು ಟ್ಯಾಗು ಮರೆತಿದ್ದಾರೆ, ನೌಕರರು ಹಿಂಬಾಗಿಲಿನಿಂದ ಹೋಗುವುದರಿಂದ ಅಂದು ಗೇಟು ಕೂಗಿಲ್ಲ. ಬಿಲ್ಲಾದರೂ ಇದೆಯೇ? ಉಡಿಯ ಸೀರೆಯ ಬೆಲೆ ಬೀಗರಿಗೆ ಗೊತ್ತಾಗಬಾರದೆಂದು ಮಹಾದೇವಿ ಅದನ್ನು ಹರಿದು ಕಸಕ್ಕೆ ಹಾಕಿದ್ದಳು.

ಬಾಯಿ ಬಿಟ್ಟರೆ ತಾನು ಕಳ್ಳ, ಸುಮ್ಮನಿದ್ದರೆ ಬೀಗಿತ್ತಿ ಕಳ್ಳಿ. ನೌಕರಿ ಹೋದರೂ ಹೋಗಲಿ, ಮಗಳ ಸಂಬಂಧ ಮುರಿಯಬಾರದು ಎಂದುಕೊಂಡು ಬಡಪಾಯಿ, ಸೀರೆ ಕೊಟ್ಟವನು ತಾನೇ, ದುಡ್ಡು ಕೊಟ್ಟು ಕೊಂಡದ್ದು ಎಂದು ತೊದಲಿದ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ಅಂಗಡಿಯವರೆಲ್ಲ ಅವನನ್ನೇ ನೋಡಿದರು. ಶೀಲಾವತಿಯ ನಗು ಮಾಯವಾಗಿತ್ತು.

ದೇವಾನಂದ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದ. ಒಮ್ಮೆಲೇ ಅಂಗಡಿಗೆಲ್ಲ ಕೇಳುವಂತೆ ಕೂಗಿದ: "ಮಿಲ್ ಗಯಾ ದಾನಪ್ಪಾ! ಸೇಲ್ ಕಾ ಮಾಲ್, ಊಪರ್ ಸೇ ಸ್ಟಾಫ್ ಡಿಸ್ಕೌಂಟ್. ಸಿರ್ಫ್ ಚಾರ್ ಸೌ!"

ಬರೀ ನಾನೂರು ರೂಪಾಯಿಯ ಬಿಲ್ಲು ಸಿಕ್ಕಿ ದಾನಪ್ಪ ಕಳ್ಳನಲ್ಲ ಎಂಬುದು ಸಾಬೀತಾಯಿತು. ಆದರೆ ಅವನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಎರಡು ಸಾವಿರದ ಸೀರೆ ಎಂದು ಮಹಾದೇವಿ ಬೀಗಿತ್ತಿಯ ಮುಂದೆ ಬಾಯಿ ತುಂಬ ಹೇಳಿದ್ದಳು; ತಿರುಗಿ ಸೀರೆ ಕೊಟ್ಟ ಶೀಲಾವತಿ ತಮ್ಮದು ಅದಕ್ಕೂ ಹೆಚ್ಚಿನದೆಂದಿದ್ದರು. ಇದಕ್ಕಿಂತ ಕಳ್ಳನೆನಿಸಿಕೊಂಡಿದ್ದರೇ ಮರ್ಯಾದೆ ಉಳಿಯುತ್ತಿತ್ತೋ ಏನೋ. ಅವನು ತಲೆ ತಗ್ಗಿಸಿ ನಿಂತ.

ಶೀಲಾವತಿ ಅವನ ಹತ್ತಿರ ಬಂದು ದನಿ ತಗ್ಗಿಸಿದರು.

"ಬೀಗರ, ನಾ ಮಹಾದೇವಿಗೆ ಕೊಟ್ಟ ಸೀರಿ ಐತಲ್ಲ, ಅದನ್ನ ಉಡಿಸಿ ಆಕೀನ್ನ ಈ ಅಂಗಡಿಗೆ ಮಾತ್ರ ಕರಕೊಂಡು ಬರಬ್ಯಾಡ್ರಿ."