ಹೆಂಚಿನ ಧೂಳು

“ಓದು ಓದು. ನನ್ ಬಗ್ಗೆ ಇನ್ನೂ ಏನೇನ್ ಕಂಡುಹಿಡ್ದಿದಾನೆ ನಿಮ್ ಮೇಷ್ಟ್ರು?”

ಎರಡೂ ಕೈಗೆ ಮೊಣಕೈ ದಾಟಿ ಪ್ಲಾಸ್ಟರ್ ಹಾಕಿಸಿಕೊಂಡು ದಿಂಬಿಗೊರಗಿ ಕೂತಿದ್ದ ಟೈಲರಜ್ಜಿ ಗದ್ದದಲ್ಲೇ ಅಪ್ಪಣೆ ಕೊಟ್ಟಳು. ಬಚ್ಚಲಲ್ಲಿ ಜಾರಿಬಿದ್ದು ಹತ್ತೊಂಬತ್ತು ದಿನವಾಗಿತ್ತು. ಕೈ ಎರಡೂ ಮುರಿದಿದ್ದವು. ನಾಲಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಹೋಮ್‌ನರ್ಸ್ ಹುಡುಗಿ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಬೆಳಕಿಗೆ ಹಿಡಿದಳು. ರೋಗಿಗಳ ಧರ್ಮ ಗೊತ್ತಿರಲಿ ಎಂದು ಏಜೆನ್ಸಿಯ ತರಬೇತಿಯಲ್ಲಿ ಕೊಟ್ಟದ್ದು. ತರಬೇತಿ ಕೊಟ್ಟವನನ್ನು ಹುಡುಗಿಯರೆಲ್ಲ ಚಾರ್ಟ್ ಸಾರ್ ಅನ್ನುತ್ತಿದ್ದರು. ಎಡಗಡೆ ಕ್ರೈಸ್ತ ಧರ್ಮ, ಬಲಗಡೆ ಇಸ್ಲಾಂ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎರಡು ಸಾವಿರ ವರ್ಷವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಅವನು ಚಹಾಕ್ಕೆ ಹೋಗಿದ್ದ.

“ದೇವರು. ಎಡಗಡೆ, ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ. ಬಲಗಡೆ, ಒಬ್ಬನೇ, ಮಗ ಇಲ್ಲ, ಪಾಲುದಾರರಿಲ್ಲ.”

“ಆಸ್ತಿ ಪತ್ರ ಬರೆಯೋನಾ ಅವನು? ಮುಂದೆ.”

“ಯೇಸು. ಎಡಗಡೆ, ದೇವರ ಮಗ, ಶಿಲುಬೆ ಮೇಲೆ ಸತ್ತು ಎದ್ದು ಬಂದ. ಬಲಗಡೆ, ದೊಡ್ಡ ಪ್ರವಾದಿ, ಶಿಲುಬೆ ಮೇಲೆ ಸಾಯಲೇ ಇಲ್ಲ.”

“ಅರ್ಧ ಮಾರ್ಕ್ಸು. ಅವನ ತಾಯಿ ಹೆಸರಲ್ಲಿ ನಮ್ ಕುರಾನಲ್ಲಿ ಒಂದು ಅಧ್ಯಾಯಾನೇ ಇದೆ. ಅದೆಲ್ಲಿ?”

ಹುಡುಗಿ ಹಾಳೆ ತಿರುಗಿಸಿ ನೋಡಿದಳು. “ಜಾಗ ಸಾಲ್ಲಿಲ್ಲ ಅನ್ಸುತ್ತೆ ಅಜ್ಜಿ.”

“ಹೆರಿಗೇಗೂ ಜಾಗ ಸಿಕ್ಕಿರ್ಲಿಲ್ಲ ಆ ಮಹಾತಾಯಿಗೆ. ಚಾರ್ಟಲ್ಲೂ ಇಲ್ವಾ? ಮುಂದೆ.”

ಐದು ಹೊತ್ತಿನ ನಮಾಜು, ತಿಂಗಳ ಉಪವಾಸ, ದಾನ, ಯಾತ್ರೆ ಎಲ್ಲ ದಾಟಿ ಹುಡುಗಿ ಕೊನೆಯ ಸಾಲಿಗೆ ಬಂದು ನಿಂತಳು.

“ಯಾಕೆ, ಕರೆಂಟ್ ಹೋಯ್ತಾ?”

“ಬಲಗಡೆಯ ರೋಗಿಗಳು ಬೇಗ ಕೋಪಿಸಿಕೊಳ್ಳುತ್ತಾರೆ, ವಾದ ಮಾಡಬಾರದು... ಅಂತ ಇದೆ.”

“ಇಂಥದ್ದು ಓದಿದ್ರೆ ಎಮ್ಮೆಗೂ ಕೋಪ ಬರುತ್ತೆ!” ಅಜ್ಜಿ ಗೋಡೆ ಕಡೆ ಮುಖ ತಿರುಗಿಸಿದಳು. “ನಲವತ್ತು ವರ್ಷ ನಿಮ್ ಪಾದ್ರಿಗಳ ನಿಲುವಂಗಿ ಹೊಲ್ದೋಳು ನಾನು. ಒಬ್ಬ ಪಾದ್ರಿಗೆ ಹೊಟ್ಟೆ ಬಂದ್ರೆ ಅವನ ಅಡುಗೆಯವಳಿಗಿಂತ ಮುಂಚೆ ನಂಗೆ ಗೊತ್ತಾಗ್ತಿತ್ತು. ನಂಗೆ ಧರ್ಮ ಹೇಳ್ಕೊಡೋಕೆ ಬಂದ ಇವನು, ಪ್ಲಾಸ್ಟಿಕ್ ಸುತ್ಕೊಂಡು.”

ಹುಡುಗಿಗೆ ನಗು ಬಂತು, ನುಂಗಿದಳು. ನಗುವ ದಿನವಲ್ಲ ಅದು. ಅವಳು ಈ ಮನೆಗೆ ಬಂದು ಏಳನೇ ದಿನ, ಪರೀಕ್ಷಾ ವಾರದ ಕೊನೆಯ ದಿನ. ಅವಳಿಗಿಂತ ಮುಂಚೆ ಬಂದ ಇಬ್ಬರನ್ನೂ ಅಜ್ಜಿ ವಾರ ತುಂಬುವ ಮೊದಲೇ ಓಡಿಸಿದ್ದಳು. ಇವಳನ್ನು ಆಗಲೇ ಎರಡು ಮನೆಯವರು ವಾಪಸ್ ಕಳಿಸಿದ್ದರು, ಮಾತು ಜಾಸ್ತಿ ಅಂತ. ಮೂರನೆಯ ಮನೆಯೂ ಬೇಡವೆಂದರೆ ಕೆಲಸದ ಜೊತೆಗೆ ಏಜೆನ್ಸಿ ಹಾಸ್ಟೆಲಿನ ಮಂಚವೂ ಹೋಗುತ್ತಿತ್ತು. ಮಧ್ಯಾಹ್ನ ಏಜೆನ್ಸಿಯಿಂದ ಫೋನ್ ಬರುತ್ತದೆ, ಅಜ್ಜಿಯ ಸೊಸೆ ಉತ್ತರ ಹೇಳುತ್ತಾಳೆ.

ಗೋಡೆ ಗಡಿಯಾರ ಒಂದು ಗಂಟೆ ದಾಟಿತು. ಅಜ್ಜಿ ಗಡಿಯಾರ ನೋಡಿದಳು, ಬಚ್ಚಲ ಬಾಗಿಲು ನೋಡಿದಳು, ಕಣ್ಣು ಇಳಿಸಿದಳು. ದಿನಕ್ಕೆ ಐದು ಸಲ ಹೀಗೇ. ಪ್ಲಾಸ್ಟರಿಗೆ ನೀರು ತಾಗಬಾರದು. ಕೈ ಮುಖ ತೊಳೆಯದೆ ನಮಾಜಿಗೆ ಕೂರುವ ಹಾಗಿಲ್ಲ. “ದೇವರು ಕ್ಷಮಿಸ್ತಾನೆ ಬಿಡಮ್ಮಾ” ಎಂದು ಮಗ ಫೋನಿನಿಂದ ತಲೆ ಎತ್ತದೆ ಹೇಳಿದ್ದ. ಸೊಸೆಯ ಸಹಾಯ ಕೇಳುವುದಕ್ಕಿಂತ ಅಜ್ಜಿ ಇನ್ನೆರಡು ಕೈ ಮುರಿದುಕೊಳ್ಳುತ್ತಿದ್ದಳು.

ಹುಡುಗಿ ಚಾರ್ಟಿನ ಬಲಗಡೆ ಬೆರಳಿಟ್ಟಳು. “ಅಜ್ಜಿ, ಇಲ್ಲೊಂದು ಟ್ವಿಸ್ಟ್ ಇದೆ. ನೀರು ತಾಗಬಾರದಿದ್ರೆ ಶುದ್ಧ ಮಣ್ಣಿಂದ ಒರೆಸ್ಕೋಬಹುದಂತೆ.”

“ನಿಮ್ಮಜ್ಜಿ ಹುಟ್ಟೋಕೆ ಮುಂಚೆ ಗೊತ್ತು ನಂಗೆ. ಯಾರ್ ಒರೆಸ್ತಾರೆ, ಚಾರ್ಟ್ ಎದ್ದು ಬಂದು ಒರೆಸುತ್ತಾ?”

“ನಾನಿಲ್ವಾ! ಕ್ಲೈಮ್ಯಾಕ್ಸಿಗೆ ಬರೋದೇ ಹೀರೋಯಿನ್.” ಹುಡುಗಿ ಓಡಿಹೋಗಿ ಬಾಲ್ಕನಿಯಿಂದ ಹೂಕುಂಡ ಅಪ್ಪಿಕೊಂಡು ಬಂದಳು.

“ಅಯ್ಯೋ ಹೀರೋಯಿನ್ನೇ, ಅದರಲ್ಲಿರೋದು ಸಗಣಿ ಗೊಬ್ಬರ. ನಿನ್ ಮುಖಕ್ಕೆ ಬಳ್ಕೋ. ಬಾಲ್ಕನಿ ಗೋಡೆ ಮೇಲೆ ಒಂದು ಒಡೆದ ಹೆಂಚಿದೆ, ಅದನ್ನ ತಾ.”

ಕೆಂಪು ಹೆಂಚು, ಬಿಸಿಲಿಗೆ ಒಣಗಿ ಮೇಲೆ ಹಿಟ್ಟಿನಂಥ ಧೂಳು ಕೂತಿತ್ತು. ಹುಡುಗಿ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಜ್ಜಿ ತಲೆವಸ್ತ್ರವನ್ನು ಹಿಂದಕ್ಕೆ ಸರಿಸಲು ಹೇಳಿ, ಕಣ್ಣು ಮುಚ್ಚಿ, ಮುಖ ಮುಂದೆ ಚಾಚಿದಳು. ಹೇಗೆ ಒರೆಸಬೇಕು ಅನ್ನುವುದು ಚಾರ್ಟಿನಲ್ಲಿರಲಿಲ್ಲ.

ಆದರೆ ಮಣ್ಣಿಗಾಗಿ ಹಣೆ ಚಾಚಿ ಕಣ್ಣು ಮುಚ್ಚಿದ ಮುಖ ಹುಡುಗಿಗೆ ಹೊಸದಲ್ಲ. ನಡೆಯಲು ಕಲಿತಾಗಿನಿಂದ ಪ್ರತಿ ವರ್ಷ ಒಂದು ಬುಧವಾರ ಅವಳೂ ಪಾದ್ರಿ ಹಣೆಗೆ ಬೂದಿ ಹಚ್ಚಲೆಂದು ಚರ್ಚಿನ ಸಾಲಿನಲ್ಲಿ ಹಾಗೇ ನಿಂತವಳು. ಅವಳ ಹೆಬ್ಬೆರಳು ತಾನಾಗಿ ಹೆಂಚಿಗೆ ಒತ್ತಿಕೊಂಡಿತು, ಅಜ್ಜಿಯ ಹಣೆಗೆ ಹೋಯಿತು. ಮೇಲಿಂದ ಕೆಳಕ್ಕೆ. ಎಡದಿಂದ ಬಲಕ್ಕೆ. ಪಾದ್ರಿಯ ಮಾತು ತುಟಿಗೂ ಬಂತು. “ನೀನು ಮಣ್ಣು, ಮಣ್ಣಿಗೇ...”

ಅಜ್ಜಿ ಕಣ್ಣು ಬಿಟ್ಟಳು. ಎದುರಿನ ಬೀರುವಿನ ಕನ್ನಡಿಯಲ್ಲಿ ಕೆಂಪು ಶಿಲುಬೆ ಹೊತ್ತ ಮುದುಕಿಯೊಬ್ಬಳು ಅವಳನ್ನೇ ನೋಡುತ್ತಿದ್ದಳು.

ಹುಡುಗಿ ಹೆಬ್ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಅಜ್ಜಿಯ ಪ್ಲಾಸ್ಟರ್ ಕೈಗಳು ಹಣೆಯವರೆಗೆ ಏರಲಾರದೆ ಮಡಿಲಿಗೆ ಬಿದ್ದವು. ಅಷ್ಟರಲ್ಲಿ ಹಜಾರದಲ್ಲಿ ಸೊಸೆಯ ಚಪ್ಪಲಿ ಸದ್ದು ಹತ್ತಿರವಾಯಿತು.

“ವಸ್ತ್ರ ಎಳಿ,” ಅಜ್ಜಿ ಹಲ್ಲು ಕಚ್ಚಿ ಅಂದಳು. “ಹುಬ್ಬಿನವರೆಗೆ. ಬೇಗ, ಮಂಕೇ!”

ಹುಡುಗಿ ಎಳೆದಳು. ಸೊಸೆ ಫೋನನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಳು.

“ಅತ್ತೇ, ಏಜೆನ್ಸಿಯವರು. ಈ ಹುಡುಗಿ ಇರ್ಲಾ, ಬೇರೆಯವ್ರು ಬೇಕಾ ಅಂತ ಕೇಳ್ತಿದಾರೆ. ಇದೇನು, ಈ ಸೆಖೇಲಿ ಹುಬ್ಬಿನವರೆಗೆ ಹೊದ್ಕೊಂಡಿದೀರಾ?”

“ನಮಾಜಿಗೆ ಕೂತಿದೀನಿ. ಅದನ್ನೂ ನಿನ್ ಕೇಳ್ಬೇಕಾ?”

“ಕೇಳ್ಬೇಡಿ. ಹುಡುಗಿ ವಿಷಯ ಹೇಳಿ.”

ಅಜ್ಜಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು, ವಕ್ರವಾಗಿ ಹೊಲಿದ ಪೈಜಾಮ ನೋಡುವಂತೆ.

“ಇವಳಿಗೆ ಏನೂ ಬರಲ್ಲ. ಗೊಬ್ಬರಕ್ಕೂ ಮಣ್ಣಿಗೂ ವ್ಯತ್ಯಾಸ ಗೊತ್ತಿಲ್ಲ. ಇವಳಿಗೆ ಕಲಿಸಿದವನು ಇವಳಿಗಿಂತ ಕತ್ತೆ. ಬೇರೆಯವಳು ಬಂದ್ರೆ ನಾನು ಮತ್ತೆ ಒಂದನೇ ಕ್ಲಾಸಿಂದ ಶುರು ಮಾಡ್ಬೇಕು. ಅಷ್ಟು ಆಯಸ್ಸಿಲ್ಲ ನಂಗೆ. ಇದೇ ದರಿದ್ರ ಇರ್ಲಿ ಅಂತ ಹೇಳು.”

ಸೊಸೆ ಫೋನಿಗೆ “ಅತ್ತೆಗೆ ತುಂಬಾ ಹಿಡಿಸಿದಾಳೆ” ಎನ್ನುತ್ತಾ ಹೋದಳು.

ಚಪ್ಪಲಿ ಸದ್ದು ಅಡುಗೆಮನೆ ದಾಟಿತು.

“ಅಜ್ಜಿ, ನಾನು ಬೇಕೂಂತ...”

“ಬಾಯ್ಮುಚ್ಚು. ಬೂದಿ ಬುಧವಾರ ನಂಗೂ ಗೊತ್ತು. ಅವತ್ತು ನಿಮ್ಮೋರು ಅಳತೆ ಕೊಡೋಕೆ ಬಂದ್ರೆ ಹಣೆ ಧೂಳು ನನ್ ಬಿಳಿ ಬಟ್ಟೆಗೆಲ್ಲಾ ಉದುರ್ತಿತ್ತು.” ಮುಖ ಮುಂದೆ ಚಾಚಿದಳು. “ಎರಡೂ ಅಂಗೈ ಹೆಂಚಿಗೆ ಬಡಿ. ಊದು. ಈಗ ಪೂರ್ತಿ ಮುಖ ಒರೆಸು. ಹೆದರ್ಕೋಬೇಡ, ಮೇಕಪ್ ಇಲ್ಲ.”

ಹುಡುಗಿ ವಸ್ತ್ರ ಸರಿಸಿದಳು. ಅಂಗೈಗಳನ್ನು ಬಡಿದು, ಊದಿ, ಹಣೆಯ ಅಂಚಿನಿಂದ ಗದ್ದದವರೆಗೆ ನಿಧಾನವಾಗಿ ಇಳಿಸಿದಳು. ಶಿಲುಬೆ ಸುಕ್ಕುಗಳೊಳಗೆ ಹರಡಿ ಹೋಯಿತು. ಮತ್ತೊಮ್ಮೆ ಬಡಿದು, ಎರಡು ಪ್ಲಾಸ್ಟರುಗಳ ಮೇಲೂ, ಹೊರಗೆ ಇಣುಕುತ್ತಿದ್ದ ಬೆರಳುಗಳ ಮೇಲೂ ಒರೆಸಿದಳು. ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಬೆರಳ ತುದಿಗಳು ತಣ್ಣಗಿದ್ದವು.

ಅಜ್ಜಿಯ ತುಟಿ ಅಲುಗಲು ಶುರುವಾಯಿತು. ತಲೆ ತುಸು ಬಾಗಿತು, ಎದ್ದಿತು, ಇನ್ನಷ್ಟು ಬಾಗಿತು. ಹುಡುಗಿ ಚಾರ್ಟನ್ನು ಮಂಚದ ಕೆಳಗೆ ತಳ್ಳಿ, ಸದ್ದಾಗದಂತೆ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೆಂಚಿನ ಮೇಲೆ ಎರಡು ಅಂಗೈ ಮೂಡಿದ್ದವು, ಪಕ್ಕದಲ್ಲಿ ಒಂದು ಹೆಬ್ಬೆರಳು.