ತುಂಗಕ್ಕನನ್ನು ಬಿಟ್ಟು ಬರುವ ಮೊದಲು

ಇದು ನಮ್ಮ ಮೀನುಗಾರರ ಸಂಘದ ಸಭೆಯಲ್ಲಿ ಓದಲೆಂದು ಬರೆದ ಕಥೆ. ಓದಿ ಮುಗಿಸಲು ಹತ್ತು ನಿಮಿಷ ಸಾಕು. ಒಲೆಯ ಮೇಲೆ ಸಾರು ಇಟ್ಟು ಬಂದವರಿದ್ದರೆ ಹೋಗಿ ಇಳಿಸಿ ಬನ್ನಿ, ಆಮೇಲೆ ಕಥೆಯನ್ನು ಬಯ್ಯಬೇಡಿ.

ಗಂಗೊಳ್ಳಿಯ ತುಂಗಕ್ಕ ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಯಾವ ಮನೆಯವರಿಗೆ ಬಂಗುಡೆ ಬೇಕು, ಯಾವ ಮನೆಯವರು ಸೋಮವಾರ ಮೀನು ಮುಟ್ಟುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಈಗ ಮೂರು ವರ್ಷದಿಂದ ಮರೆವಿನ ಕಾಯಿಲೆ. ಡಾಕ್ಟರು ಅದನ್ನು ಡಿಮೆನ್ಶಿಯಾ ಅಂದರು, ಊರಿನವರು ಅರಳುಮರಳು ಅಂದರು. ಯಾರು ಏನೇ ಅಂದರೂ ತುಂಗಕ್ಕ ಬೆಳಗಾಗುವ ಮೊದಲೇ ಎದ್ದು ಬಂದರಿನ ದಾರಿ ಹಿಡಿಯುವುದು ಮಾತ್ರ ನಿಲ್ಲಲಿಲ್ಲ. ಜೂನ್ ತಿಂಗಳೊಂದರಲ್ಲೇ ಎರಡು ಸಲ ಅವರನ್ನು ಬೋಟು ನಿಲ್ಲುವ ದಕ್ಕೆಯ ಅಂಚಿನಿಂದ ಕೈ ಹಿಡಿದು ಕರೆತರಬೇಕಾಯಿತು.

ಮಗ ರಾಜೀವ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವುದರಿಂದ ಅವನೇ ತಾಯಿಯನ್ನು ಕಾದ. ಆಗಸ್ಟಿನಲ್ಲಿ ಕಡಲಿಗೆ ಇಳಿದನೆಂದರೆ ಹತ್ತು ದಿನ ಮನೆಗಿಲ್ಲ. ಅವನ ಹೆಂಡತಿ ವನಜ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳು. ತುಂಗಕ್ಕನ ಹಿಂದೆ ಓಡಲು ಮನೆಯಲ್ಲಿ ಮೂರನೆಯವರಿಲ್ಲ. ಗಂಡ ಹೆಂಡತಿ ತುಂಬಾ ಯೋಚಿಸಿ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಗೆ ಸೇರಿಸುವುದೆಂದು ತೀರ್ಮಾನಿಸಿದರು. ಅದು ತಪ್ಪಲ್ಲ. ತಪ್ಪಾದದ್ದು ಆಮೇಲೆ.

ಬ್ರಹ್ಮಾವರದ ಕಡೆ ಒಂದು ಆರೈಕೆ ಮನೆ ಇತ್ತು. ಹೆಸರು ಕೇಳಬೇಡಿ, ಕಥೆಗೆಂದು ನಾವೇ ಕಟ್ಟಿದ ಮನೆ ಅದು. ರಾಜೀವ ಮುಂಚೆಯೇ ಫೋನ್ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ನೆಂಟರ ಮನೆಗೆ ಹೋಗುವ ಹಾಗೆ ವನಜಳೊಟ್ಟಿಗೆ ಹೋಗಿ ಬಂದ. ಅದೇ ಸಂಜೆ ಊರಿನ ಆಶಾ ಕಾರ್ಯಕರ್ತೆ ಚಂದ್ರಮತಿ ತುಂಗಕ್ಕನನ್ನು ವಿಚಾರಿಸಲು ಬಂದರು.

"ಹ್ವಾಯ್ ರಾಜೀವ, ಹೋಯಿ ಬಂದ್ಯಾ? ಹ್ಯಾಂಗಿತ್ತ್?"

"ಬಾರೀ ಲಾಯ್ಕಿತ್ತ್ ಚಂದ್ರಕ್ಕ. ನೆಲ ಎಲ್ಲಾ ಪಳಪಳ. ಕ್ಯಾಮರಾ ಇತ್ತ್. ಒಂದ್ ಗಲಾಟಿ ಇಲ್ಲೆ. ಅಜ್ಜ ಅಜ್ಜಿದೀರೆಲ್ಲ ಸುಮ್ನೆ ಕೂಕಂಡಿದ್ರ್."

"ನೀನ್ ಎಂತ ಕೇಂಡೆ?"

"ಅಬ್ಬಿಗೆ ಮೀನ್ ಕೊಡ್ತ್ರಾ ಅಂದೇಳಿ ಕೇಂಡೆ. ವಾರಕ್ ಮೂರ್ ದಿನ ಮೀನ್ ಸಾರಂಬ್ರ್."

"ಮತ್ತೆ?"

"ಮತ್ತೆಂತ ಕೇಂಬುದ್? ಅಬ್ಬಿಗೆ ಮೀನ್ ಇದ್ರೆ ಸಾಕಲ್ದಾ?"

ನಮ್ಮ ಮೀನುಗಾರರ ಮನೆಗಳಲ್ಲಿ ಇದೊಂದು ರೋಗ. ಅಬ್ಬಿಗೆ, ಅಂದರೆ ತಾಯಿಗೆ, ಮೀನು ಸಿಗುತ್ತದೆ ಎಂದು ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ.

ಬಸಳೆ ಸೋಸುತ್ತಿದ್ದ ವನಜ ತಲೆ ಎತ್ತಿದಳು. "ಅಲ್ಲಿ ಒಬ್ರ್ ಅಜ್ಜ ನನ್ ಕೈ ಹಿಡ್ಕಂಡ್ರ್ ಚಂದ್ರಕ್ಕ. ಮಂಜಯ್ಯ ಅಂದೇಳಿ ಹೆಸ್ರ್. 'ನನ್ನ ಕಟ್ಟಿ ಹಾಕ್ತ್ರ್ ಹೆಣ್ಣೆ' ಅಂದ್ರ್."

ರಾಜೀವ ನಕ್ಕುಬಿಟ್ಟ. "ಮ್ಯಾನೇಜರ್ ಹೇಳ್ರಲೆ, ಅಜ್ಜಂಗೆ ತಲೆ ಸಮ ಇಲ್ಲೆ ಅಂದೇಳಿ. ಮರೆವಿನವ್ರ್ ಎಂತೆಂತದೋ ಹೇಳ್ತ್ರ್."

"ಅಜ್ಜನ ಕೈ ಕಂಡ್ರ್ಯಾ ನೀವ್?" ಎಂದು ಕೇಳಿದರು ಚಂದ್ರಮತಿ.

ಇಬ್ಬರೂ ಕೈ ನೋಡಿರಲಿಲ್ಲ. ಅವಸರದಲ್ಲಿ ಒಂದು ಸುತ್ತು ಹಾಕಿಸಿ, ಆಫೀಸಿನಲ್ಲಿ ಕೂರಿಸಿ ಜ್ಯೂಸ್ ಕೊಟ್ಟಿದ್ದರು, ಇವರು ಜ್ಯೂಸ್ ಕುಡಿದು ಎದ್ದು ಬಂದಿದ್ದರು.

ಚಂದ್ರಮತಿಗೆ ಸಿಟ್ಟು ಬಂತು. "ಅಲ್ಲ ಮಾರಾಯ, ದಕ್ಕಿಯಲ್ಲಿ ಒಂದ್ ಬಾಕ್ಸ್ ಮೀನ್ ತಕಂಬುಕೆ ಕಿವಿರ್ ಎತ್ತಿ ಕಾಂತೆ, ಅಡಿ ತನ್ಕ ಕೈ ಹಾಕ್ತೆ. ಅಬ್ಬಿನ ಬಿಟ್ಟ್ ಬಪ್ಪ ಜಾಗಕ್ಕೆ ಫೋನ್ ಮಾಡಿ ಹೋತ್ಯಾ? ಫೋನ್ ಮಾಡಿ ಬಂದ್ರೆ ನಾನೂ ಮನಿ ಗುಡ್ಸಿ ಇಡ್ತೆ!"

"ಹಾಂಗಾರೆ ಎಂತ ಮಾಡ್ಕ್ ಅಂತ್ರಿ?"

"ಹೇಳ್ದೆ ಹೋಯ್ಕ್. ಊಟದ್ ಹೊತ್ತಿಗೇ ಹೋಯ್ಕ್. ನಾನೂ ಬತ್ತೆ."

ಊಟದ ಹೊತ್ತಿಗೆ ಹೇಳದೆ ಕೇಳದೆ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಮರ್ಯಾದೆಯಲ್ಲ ಎಂದು ರಾಜೀವ ತಕರಾರು ತೆಗೆದ. "ಆ ಮರ್ಯಾದಿ ನೆಂಟ್ರ ಮನೀಗೆ ಇಟ್ಕೊ," ಅಂದರು ಚಂದ್ರಮತಿ.

ಭಾನುವಾರ ಒಂದು ಗಂಟೆಗೆ ಮೂವರೂ ಹೋಗಿ ಗೇಟಿನ ಮುಂದೆ ನಿಂತರು. ಗೇಟಿಗೆ ಹೊರಗಿನಿಂದ ಬೀಗ. ಕೀಲಿ ವಾಚ್‌ಮ್ಯಾನ್ ಹತ್ತಿರ ಇತ್ತು, ವಾಚ್‌ಮ್ಯಾನ್ ಊಟಕ್ಕೆ ಹೋಗಿದ್ದ. ಅವನು ಬಂದು ತೆರೆಯುವವರೆಗೆ ಹತ್ತು ನಿಮಿಷ ಕಾದರು. ಒಳಗೆ ಬೆಂಕಿ ಬಿದ್ದಿದ್ದರೆ ಬೆಂಕಿ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

ಒಳಗೆ ಇಪ್ಪತ್ತೆರಡು ಜನರಿಗೆ ಒಬ್ಬಳೇ ಹೆಂಗಸು ಬಡಿಸುತ್ತಿದ್ದಳು. ಪಾಪ, ಅವಳ ತಪ್ಪಲ್ಲ, ಅವಳಿಗೂ ಎರಡೇ ಕೈ. ಮೊದಲ ಸಲ ಸುಮ್ಮನೆ ಕೂತ ಹಾಗೆ ಕಂಡವರು ನಿಜವಾಗಿ ತೂಕಡಿಸುತ್ತಿದ್ದರು. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಮಾತ್ರೆ ಕೊಡುವುದು ಕ್ರಮ ಎಂದಳು ಆ ಹೆಂಗಸು. ಯಾವ ಡಾಕ್ಟರು ಬರೆದ ಮಾತ್ರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮಂಜಯ್ಯಜ್ಜ ಮೂಲೆಯಲ್ಲಿ ಕೂತಿದ್ದರು. ಅವರ ಎರಡೂ ಮಣಿಕಟ್ಟುಗಳನ್ನು ಮೈ ಒರೆಸುವ ಹಳೆಯ ಬೈರಾಸಿನಿಂದ ಕುರ್ಚಿಗೆ ಕಟ್ಟಿದ್ದರು. ಬಟ್ಟೆ ತಾಗಿದಲ್ಲಿ ಚರ್ಮ ಸುಲಿದಿತ್ತು.

ತಟ್ಟೆಯಲ್ಲಿ ಮೀನು ಇತ್ತು. ಆ ಮಟ್ಟಿಗೆ ಮ್ಯಾನೇಜರ್ ಸುಳ್ಳು ಹೇಳಿರಲಿಲ್ಲ. ಇಡಿ ಇಡೀ ಬೂತಾಯಿ, ಮುಳ್ಳು ಸಮೇತ. ಇವರು ನೋಡುತ್ತಿದ್ದ ಹಾಗೆ ಒಬ್ಬ ಅಜ್ಜಿ ಮೀನನ್ನು ಅನ್ನದ ಜೊತೆ ಮುದ್ದೆ ಮಾಡಿ ಬಾಯಿಗಿಟ್ಟರು, ಕೆಮ್ಮಿದರು, ಮತ್ತೆ ಕೆಮ್ಮಲೂ ಆಗದೆ ಕಣ್ಣು ಮೇಲೆ ಮಾಡಿದರು. ಬಡಿಸುವವಳು ಕೋಣೆಯ ಆ ತುದಿಯಲ್ಲಿದ್ದಳು. ರಾಜೀವ ಓಡಿ ಹೋಗಿ ಅಜ್ಜಿಯನ್ನು ಮುಂದಕ್ಕೆ ಬಾಗಿಸಿ ಹಿಡಿದ, ಚಂದ್ರಮತಿ ಬೆನ್ನ ನಡುವೆ ಅಂಗೈಯಿಂದ ಗುದ್ದಿದರು. ನಾಲ್ಕನೇ ಗುದ್ದಿಗೆ ತುತ್ತು ಹೊರಗೆ ಬಿತ್ತು. ಅಜ್ಜಿ ಉಸಿರೆಳೆದುಕೊಂಡು ರಾಜೀವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ನಮ್ ಅಬ್ಬಿಗೇ ಹೀಂಗ್ ಆತಿತ್ತಲೆ ಚಂದ್ರಕ್ಕ," ಅಂದ ರಾಜೀವ. "ನಾ ನೆಗ್ಯಾಡಿದ್ನಲೆ ಆ ಅಜ್ಜನ್ನ ಕಂಡ್."

ವನಜ ಅಷ್ಟರಲ್ಲಿ ಮಂಜಯ್ಯಜ್ಜನ ಕೈ ಬಿಚ್ಚಿದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಚಂದ್ರಮತಿ ಅಂಗಳಕ್ಕೆ ಬಂದು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕಂಡದ್ದನ್ನು ಕಂಡ ಹಾಗೆ ಹೇಳಿದರು.

ಆಮೇಲೆ ಮೂವರೂ ನೋಡಲು ಹೋದ ಎರಡನೆಯ ಮನೆ ಹಾಲಾಡಿಯ ಹತ್ತಿರ. ಇದನ್ನೂ ನಾವೇ ಕಟ್ಟಿದ್ದು. ಹಂಚಿನ ಮಾಡು, ಸಿಮೆಂಟು ನೆಲ, ಮಳೆಗೆ ಬಣ್ಣ ಎದ್ದ ಗೋಡೆ. ರಾಜೀವನ ಮುಖ ಸಣ್ಣದಾಯಿತು. ಹೇಳದೆ ಹೋದರೂ ಅಲ್ಲಿನ ನರ್ಸ್ ರಮಿತಾ ಬಾಗಿಲು ತೆರೆದು, "ಬನಿ, ಎಲ್ಲಾ ಬದಿಗೂ ಹೋಯಿ ಕಾಣಿ. ಊಟ ಮಾಡ್ಸಿ ಆದ್ಮೇಲೆ ಮಾತಾಡುವ," ಅಂದಳು.

ಅಲ್ಲಿ ಗಲಾಟೆಯೋ ಗಲಾಟೆ. ಒಬ್ಬರು ಭಜನೆ ಹೇಳುತ್ತಿದ್ದರು, ಇಬ್ಬರು ಅಜ್ಜಂದಿರು ಒಂದು ಕುರ್ಚಿಗೆ ಜಗಳ ಆಡುತ್ತಿದ್ದರು. ಉಚ್ಚೆಯ ವಾಸನೆ ಇರಲಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಸರಳು, ನೆಲ ಒಣಗಿತ್ತು. ಬಾಗಿಲಿನ ಕೀಲಿ ಪ್ರತಿ ಆಯಾಳ ಸೊಂಟದಲ್ಲೂ ಇತ್ತು. ನೋಂದಣಿಯ ಕಾಗದ ಗೋಡೆಯ ಮೇಲೆ ತೂಗುತ್ತಿತ್ತು, ಚಂದ್ರಮತಿ ಅದರ ತಾರೀಕನ್ನೂ ಓದಿದರು.

"ರಾತ್ರಿಗೆ ಎಷ್ಟ್ ಜನ ಇರ್ತ್ರ್?" ಎಂದು ರಮಿತಾಳನ್ನು ಕೇಳಿದರು.

"ಹನ್ನೆರಡ್ ಜನಕ್ಕೆ ಇಬ್ರ್. ಹಗ್ಲಿಗೆ ನಾಲ್ಕ್ ಜನ."

"ನಿದ್ರಿ ಮಾತ್ರಿ?"

"ಡಾಕ್ಟ್ರ್ ಬರೀದೆ ಕೊಡುಕಿಲ್ಲೆ. ಬರ್ದ್ರೂ ಮನೆಯವ್ರಿಗೆ ಹೇಳ್ದೆ ಕೊಡುಕಿಲ್ಲೆ." ರಮಿತಾ ಪುಸ್ತಕ ತಂದು ತೋರಿಸಿದಳು. ಪ್ರತಿಯೊಬ್ಬರ ತಿಂಗಳ ತೂಕ, ಮಾತ್ರೆ, ಯಾರು ಯಾವಾಗ ಬಿದ್ದರು, ಎಲ್ಲ ಬರೆದಿತ್ತು.

"ಬಿದ್ದದ್ದೂ ಬರ್ದಿದ್ರಿ!" ಅಂದಳು ವನಜ.

"ಬೀಳ್ತ್ರ್ ಅಕ್ಕ. ನಮ್ಮಲ್ಲಿ ಯಾರೂ ಬೀಳೂದೇ ಇಲ್ಲೆ ಅಂಬವ್ರನ್ನ ಮಾತ್ರ ನಂಬ್ಬೇಡಿ."

ಆಮೇಲೆ ರಮಿತಾ ಕೇಳಲು ಶುರು ಮಾಡಿದಳು. ತುಂಗಕ್ಕ ಎಷ್ಟು ಗಂಟೆಗೆ ಏಳುತ್ತಾರೆ, ಏನು ಕೆಲಸ ಮಾಡುತ್ತಿದ್ದರು, ಏನೆಂದು ಕರೆದರೆ ತಿರುಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ. "ಬೆಳಿಗ್ಗೆ ಬಂದರಿಗೆ ಹೊರಟ್ರೆ ತಡೀಯುಕಿಲ್ಲೆ, ಆಯಾ ಒಬ್ಳ್ ಅವ್ರೊಟ್ಟಿಗೆ ಅಂಗಳ ಸುತ್ತತ್ಳ್. ಹಾಂ, ಮೀನಿನ ಮುಳ್ಳ್ ಅವ್ರೇ ಬಿಡ್ಸ್ಕಂತ್ರಾ?"

ಮೀನಿನಲ್ಲೇ ಬದುಕಿದವರಿಗೆ ಮುಳ್ಳು ಬಿಡಿಸಲು ಮರೆತುಹೋಗಬಹುದು ಎಂಬ ಯೋಚನೆಯೇ ವನಜಳಿಗೆ ಬಂದಿರಲಿಲ್ಲ. "ಈಗೀಗ ಉಂಬ ಹೊತ್ತಿಗೆ ಕೆಮ್ಮತ್ರ್... ನಾ ಶೀತ ಅಂದ್ಕಂಡಿದ್ದೆ," ಅಂದಳು.

"ಇವತ್ತಿಂದ ನೀವೇ ಬಿಡ್ಸಿ ಕೊಡಿ, ಡಾಕ್ಟ್ರಿಗೂ ಒಂದ್ಸಲ ಹೇಳಿ. ಇಲ್ಲಿಗೆ ಬಂದ್ಮೇಲೆ ನಾವ್ ಬಿಡ್ಸ್ತೊ."

ವಾಪಸು ಬರುವಾಗ ರಾಜೀವ, ಬಸ್ಸು ಕೋಟೇಶ್ವರ ದಾಟಿದ ಮೇಲೆ, "ಮೊದ್ಲಿನ ಜಾಗ್ದಲ್ಲಿ ಅವ್ರ್ ಅಬ್ಬಿ ಹೆಸ್ರೂ ಕೇಂಡಿರ್ಲಿಲ್ಲೆ ಚಂದ್ರಕ್ಕ," ಅಂದ.

"ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂಬುದ್ ಸುಮ್ನೆ ಅಲ್ಲ ಮಾರಾಯ," ಅಂದರು ಚಂದ್ರಮತಿ.

ಜುಲೈ ಕೊನೆಗೆ ತುಂಗಕ್ಕ ಹಾಲಾಡಿಯ ಮನೆಗೆ ಸೇರಿದರು. ಬೋಟು ಹೊರಟಿತು. ಹತ್ತು ದಿನ ಕಳೆದು ದಡಕ್ಕೆ ಬಂದ ರಾಜೀವ ಮನೆಗೂ ಹೋಗದೆ, ಫೋನೂ ಮಾಡದೆ, ಸೀದಾ ಬಸ್ಸು ಹತ್ತಿ ಊಟದ ಹೊತ್ತಿಗೆ ಅಲ್ಲಿಗೆ ಮುಟ್ಟಿದ. ತುಂಗಕ್ಕನ ಪಕ್ಕದಲ್ಲಿ ಆಯಾ ಕೂತು ಮೀನು ಬಿಡಿಸುತ್ತಿದ್ದಳು. ಸಾರಿಗೆ ಹುಳಿ ಸಾಲದೆಂದು ತುಂಗಕ್ಕ ಅವಳನ್ನು ಬಯ್ಯುತ್ತಿದ್ದರು. ರಾಜೀವ ಮೊದಲು ತಾಯಿಯ ಎರಡೂ ಕೈ ಹಿಡಿದು, ಮಗುಚಿ, ಮಣಿಕಟ್ಟು ನೋಡಿದ. ಆಮೇಲೆ ಮುಖ ನೋಡಿದ. ತುಂಗಕ್ಕನಿಗೆ ಅವನ ಗುರುತು ಸಿಗಲಿಲ್ಲ.

"ಯಾರ್ ಮಗ ನೀನ್? ಊಟ ಆಯ್ತಾ?" ಎಂದು ಕೇಳಿದರು.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೂ ಹೀಗೊಬ್ಬರು ಇರಬಹುದು. ಅವರನ್ನು ಆರೈಕೆ ಮನೆಗೆ ಸೇರಿಸುವುದು ಪಾಪವಲ್ಲ, ನೋಡದೆ ಸೇರಿಸುವುದು ಪಾಪ. ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ಆಫೀಸಿನಲ್ಲಿ ಕೂರಬೇಡಿ, ಬಚ್ಚಲು ನೋಡಿ. ರಾತ್ರಿ ಎಷ್ಟು ಜನ, ಮಾತ್ರೆ ಬರೆಯುವುದು ಯಾರು, ಬಿದ್ದರೆ ನಿಮಗೆ ತಿಳಿಸುತ್ತಾರೋ ಕೇಳಿ. ಅವರು ನಿಮ್ಮನ್ನು ಏನೇನು ಕೇಳುತ್ತಾರೆ ಎಂಬುದನ್ನೂ ಗಮನಿಸಿ. ಸೇರಿಸಿದ ಮೇಲೂ ಹೋಗುತ್ತಿರಿ. ಅಲ್ಲಿ ಯಾರಾದರೂ ನಿಮ್ಮ ಕೈ ಹಿಡಿದು ಏನಾದರೂ ಹೇಳಿದರೆ ತಲೆ ಸರಿಯಿಲ್ಲ ಎಂದು ನಗಬೇಡಿ. ನಾಳೆ ಅವರು ಅದನ್ನು ಇನ್ನೊಮ್ಮೆ ಹೇಳಲಾರರು, ನೆನಪಿರುವುದಿಲ್ಲ. ಇವತ್ತೇ ಅವರ ಕೈ ನೋಡಿ.