ಒಣನೆಲದ ಆಟ

"ಇದೊಂದು ಗುಂಡಿ ಹಾಕಿದ್ರೆ ಆಯ್ತು, ಹೊರಟ್ವಿ," ಎನ್ನುತ್ತ ತಮ್ಮ ತನ್ನ ಮೊಮ್ಮಗಳ ರೇನ್‌ಕೋಟಿನೊಂದಿಗೆ ಒದ್ದಾಡುತ್ತಿದ್ದ. ಆಯುಷ್ಯವಿಡೀ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಕೈಗೆ ಅಷ್ಟು ಸಣ್ಣ ಗುಂಡಿ ಬಗ್ಗುತ್ತಿರಲಿಲ್ಲ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಾಚೆ ನೋಡಿದಳು. ಮಳೆಯಿಲ್ಲ, ಬರೀ ಗಾಳಿ. ರಸ್ತೆಯಾಚೆಯ ಕಡಲ ತಡೆಗೋಡೆಯನ್ನು ಹಾರಿದ ಅಲೆ ಅರ್ಧ ರಸ್ತೆಗೆ ಬಿದ್ದು ವಾಪಸು ಹರಿಯುತ್ತಿತ್ತು.

"ಎಲ್ಲಿಗೋ?"

"ಒಣನೆಲದ ಆಟಕ್ಕೆ. ಇವಳಿಗೂ ಒಂದ್ಸಲ ತೋರಿಸ್ಬೇಡ್ವಾ?"

ಆ ಹೆಸರು ಕೇಳಿದ್ದೇ ತಡ, ಅಕ್ಕನಿಗೆ ಬ್ರೆಡ್ಡಿನ ಬಿಸಿ ಪರಿಮಳ ಮೂಗಿಗೆ ಬಡಿದಂತಾಯಿತು. ಈ ಕೋಣೆಯ ಕೆಳಗೇ ಅಪ್ಪನ ಬೇಕರಿಯಿತ್ತು. ಬಿರುಗಾಳಿ ಎದ್ದ ದಿನ ಗಿರಾಕಿಗಳು ಇತ್ತ ತಲೆ ಹಾಕುತ್ತಿರಲಿಲ್ಲ. ಅಪ್ಪ ಮಧ್ಯಾಹ್ನಕ್ಕೇ ಷಟರ್ ಎಳೆದು, ಕಿವಿಯಲ್ಲಿ ಮೈದಾ ಹಾಗೇ ಇರುವಾಗಲೇ ಇಬ್ಬರನ್ನೂ ಕೈಹಿಡಿದು ಹೊರಡಿಸುತ್ತಿದ್ದ. ಆಟ ಸುಲಭ. ಅಲೆ ಬಿದ್ದು ಒದ್ದೆಯಾದ ನೆಲ ಎಲ್ಲಿ ಮುಗಿದು ಒಣನೆಲ ಶುರುವಾಗುತ್ತದೋ ಅಲ್ಲಿ ಕಾಲ್ಬೆರಳು ಜೋಡಿಸಿ ನಿಲ್ಲಬೇಕು. ನೀರು ಬೆರಳಿನ ತನಕ ನುಗ್ಗಿ ಬರುತ್ತಿತ್ತು. ಕಿರುಚಿದವರು ಸೋತಂತೆ. ಮಕ್ಕಳನ್ನು ಗೆಲ್ಲಿಸಲು ಅಪ್ಪ ಬೇಕೆಂದೇ ಮೊದಲು ಕಿರುಚುತ್ತಿದ್ದ. ಅಂಥ ಸುಖ ಅವಳಿಗೆ ಆಮೇಲೆ ಎಲ್ಲೂ ಸಿಗಲಿಲ್ಲ.

"ಬೇಡ ಕಣೋ. ಇಲ್ಲಿಂದ್ಲೇ ನೋಡ್ಲಿ," ಎಂದಳು.

"ಒಣಗಿರೋ ಕಡೆ ತಾನೇ ನಿಲ್ಲೋದು?"

"ಒಣಗಿದೆ ಅಂದ್ರೆ ಈವರೆಗೆ ಬಂದ ಅಲೆ ಅಲ್ಲಿಗೆ ಮುಟ್ಟಿಲ್ಲ ಅಂತ ಅಷ್ಟೆ. ಮುಂದೆ ಬರೋ ಅಲೆಗೆ ಅದೇನು ಗೊತ್ತು?"

ತಮ್ಮ ನಕ್ಕುಬಿಟ್ಟ. "ನಿಮ್ಮಜ್ಜಿ ಪುಕ್ಕಲಿ ಆಗಿಬಿಟ್ಳು," ಎಂದು ಮಗುವಿನ ಕಿವಿಯಲ್ಲಿ, ಅಕ್ಕನಿಗೆ ಕೇಳುವಷ್ಟು ಜೋರಾಗಿಯೇ ಹೇಳಿದ. "ಒಂದ್ಸಲ ಎಂಥಾ ಅಲೆ ಬಂತು ಗೊತ್ತಾ ಪುಟ್ಟಿ? ಪೂರ್ತಿ ನೆಂದ್ವಿ. ನಮ್ಮಪ್ಪ ಗಟ್ಟಿಯಾಗಿ ಅಪ್ಕೊಂಡಿದ್ದ ನನ್ನ. ಅಷ್ಟು ಗಟ್ಟಿಯಾಗಿ ಮತ್ತೆ ಯಾವತ್ತೂ ಅಪ್ಕೊಳ್ಲಿಲ್ಲ."

ಅವನ ಕೈ ಬಾಗಿಲ ಚಿಲಕದ ಮೇಲಿತ್ತು. ಅಪ್ಪನೆಂದರೆ ತಮ್ಮನಿಗೆ ಆ ಒಂದು ಅಪ್ಪುಗೆ. ಅದನ್ನು ಕಿತ್ತುಕೊಳ್ಳಲು ಅಕ್ಕನಿಗೆ ಇಷ್ಟು ವರ್ಷ ಮನಸ್ಸು ಬಂದಿರಲಿಲ್ಲ. ಮಗು ಆಗಲೇ ಹೊಸ್ತಿಲ ಮೇಲೆ ನಿಂತು ಕುಣಿಯುತ್ತಿತ್ತು.

"ಅವತ್ತು ಅಪ್ಪನ ಇನ್ನೊಂದು ಕೈಲಿ ನಾನಿದ್ದೆ," ಎಂದಳು.

"ಹ್ಞೂಂ, ಇದ್ದೆ."

"ನಾವು ಒಣನೆಲದಲ್ಲೇ ನಿಂತಿದ್ವಿ. ಆ ಅಲೆ ರಸ್ತೆ ಪೂರ್ತಿ ದಾಟಿ ಬಂತು. ಅಪ್ಪ ಒಂದು ಕೈಲಿ ನಿನ್ನ ಅಪ್ಕೊಂಡ, ನಿನ್ನ ಮುಖ ಅವನ ಎದೇಲಿ ಹುದುಗಿತ್ತು. ದೀಪದ ಕಂಬ ಹಿಡ್ಕೊಳ್ಳೋಕೆ ಇನ್ನೊಂದು ಕೈ ಬೇಕಾಯ್ತು."

ತಮ್ಮ ಅವಳತ್ತ ತಿರುಗಿದ. "ಮತ್ತೆ ನೀನು?"

"ವಾಪಸು ಹೋಗೋ ನೀರು ನನ್ನ ಎಳ್ಕೊಂಡು ಹೋಯ್ತು. ಗೋಡೆ ಮೇಲಿನ ಕಂಬಿಗೆ ಲಂಗ ಸಿಕ್ಕಾಕೊಳ್ತು, ಅದಕ್ಕೆ ಉಳ್ಕೊಂಡೆ. ಅಮ್ಮಂಗೂ ನಿಂಗೂ ಜಾರಿಬಿದ್ದೆ ಅಂದೆ. ಆಮೇಲೆ ಅಪ್ಪ ಆ ಆಟದ ಸುದ್ದಿಗೇ ಹೋಗ್ಲಿಲ್ಲ."

ಚಿಲಕದ ಮೇಲಿನ ಕೈ ತಾನಾಗಿ ಇಳಿಯಿತು. ತಮ್ಮ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ರೇನ್‌ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದ. ಅವಳು ಮುಖ ಊದಿಸಿಕೊಂಡಳು, ಎರಡು ಸಲ ಕಾಲು ಅಪ್ಪಳಿಸಿದಳು. ಅವನು ಗದರಲಿಲ್ಲ, ಎತ್ತಿ ಕಿಟಕಿಯ ಪಕ್ಕದ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದ.

"ಅಪ್ಪನ ಮೇಲೆ ಸಿಟ್ಟು ಬರ್ಲಿಲ್ವಾ ಅಕ್ಕ?" ಎಂದು ಅವಳ ಮುಖ ನೋಡದೆ ಕೇಳಿದ.

"ಇಲ್ಲ. ಬಂದಿದ್ರೆ ನಿನಗೆ ಯಾವತ್ತೋ ಹೇಳಿಬಿಡ್ತಿದ್ದೆ."

"ಅವನೇನಂದ?"

"ಏನೂ ಅನ್ನಲಿಲ್ಲ. ನನ್ನ ಎತ್ಕೊಂಡು ಮನೆ ತನಕ ನಡೆದ, ಅಷ್ಟು ಮೆಟ್ಟಿಲನ್ನೂ ಹತ್ತಿದ. ಎತ್ಕೊಳ್ಳೋ ವಯಸ್ಸೇ ಅಲ್ಲ ನಂದು, ಕಾಲು ಅವನ ಮೊಣಕಾಲಿಗೆ ಬಡೀತಿತ್ತು. ಇಳಿಸಪ್ಪಾ, ಎಲ್ಲರೂ ನೋಡ್ತಿದ್ದಾರೆ ಅಂದೆ. ಇಳಿಸ್ಲೇ ಇಲ್ಲ."